ನಮ್ಮ ಏರಿಯಾದ ಬಾರು, ನಮ್ಮವ್ವನ ಕಾಲದ ಸಾರಾಯಿ ಅಂಗಡಿ

ಹೋದ ಸಲ ಹಿತಕಿದ ಅವರೇಬೇಳೆ ಸಾರಿನ ವಿಷ್ಯ ಬರ್ದಾಗ ನಮ್ಮ ಚಿಕ್ಕಮ್ಮ ಫೋನ್ ಮಾಡಿ, “ಮುಂದಿನ ಸಲ ಏನೇ, ಒಬ್ಬಟ್ಟಾ?” ಅಂತ ಕೇಳಿದ್ರು. ಒಬ್ಬಟ್ಟಲ್ಲ ಚಿಕ್ಕಮ್ಮ, ಬಾರು. ನಾನು ಬಾರಿಗೆ ಹೋಗಿ ಬಂದೆ. ಸೆರಗು ಬಾಯಿಗೆ ಇಟ್ಕೋಬೇಡಿ, ಕುಡಿಯೋಕೆ ಹೋಗಿರ್ಲಿಲ್ಲ. ಆದ್ರೆ ಬಾಗಿಲು ದಾಟಿ ಒಳಗೆ ಹೋಗಿ, ಕುರ್ಚಿ ಮೇಲೆ ಕೂತು, ಅವ್ರು ಕೊಟ್ಟ ನೀರು ಕುಡಿದು ಬಂದಿದೀನಿ. ಐವತ್ತಾರು ವರ್ಷದಲ್ಲಿ ಇದೇ ಮೊದಲನೇ ಸಲ.

ನಮ್ಮ ಬನಶಂಕರಿ ಮನೆಗೆ ಬಂದವರಿಗೆಲ್ಲ ಆ ಬಾರು ಗೊತ್ತು. ಆಟೋದವರಿಗೆ ದಾರಿ ಹೇಳುವಾಗ ನಾವು “ಬಾರ್ ಪಕ್ಕದ ರೋಡು” ಅಂತ ಹೇಳಲ್ಲ, “ಗಣೇಶನ ಗುಡಿ ಎದುರು ರೋಡು” ಅಂತೀವಿ. ಆಟೋದವರು “ಓ, ಬಾರ್ ರೋಡಾ ಅಮ್ಮ” ಅಂತಾರೆ. ಮೂವತ್ತು ವರ್ಷದಿಂದ ಅದರ ಮುಂದೆನೇ ತರಕಾರಿ ಚೀಲ ಹಿಡ್ಕೊಂಡು ಓಡಾಡಿದೀನಿ. ಆ ಕಡೆ ಬಂದ ತಕ್ಷಣ ಕತ್ತು ತಾನಾಗೇ ಈ ಕಡೆ ತಿರುಗುತ್ತೆ. ಅಲ್ಲಿ ನಾಲ್ಕು ಮೆಟ್ಟಿಲು ಇದೆ, ಕಂದು ಬಣ್ಣದ ಗಾಜಿನ ಬಾಗಿಲು ಇದೆ, ಪಕ್ಕದ ಗೋಡೆಗೆ ಕಿಂಡಿ ಇದೆ ಅಂತ ಗೊತ್ತು. ಅಷ್ಟೇ ಗೊತ್ತಿದ್ದಿದ್ದು.

ಹೋದ ಕಾರ್ತೀಕದಲ್ಲಿ ಒಂದು ಶನಿವಾರ ಸಾಯಂಕಾಲ ನಮ್ಮನೆ ಕೆಲಸಕ್ಕೆ ಬರೋ ಹುಡುಗಿ ಮಳೇಲಿ ನೆನೆದು ಬಂದಳು. ಅವಳ ಹೆಸರು ಬರೆಯೋದು ಬೇಡ ಅಂದಿದಾಳೆ, ಮಿಕ್ಕಿದ್ದು ಬರೀರಿ ಅಂದಿದಾಳೆ. ಚೀಟಿ ಎತ್ತಿದ್ದ ದುಡ್ಡು, ಎಂಟು ಸಾವಿರ, ಮಗಳ ಸ್ಕೂಲ್ ಫೀಸಿಗೆ ಅಂತ ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ಲು. ಡಬ್ಬಿ ಇದೆ, ಅಕ್ಕಿ ಇದೆ, ದುಡ್ಡಿಲ್ಲ. ಗಂಡನ ಫೋನು ಸ್ವಿಚ್ ಆಫ್. “ಅಮ್ಮ, ಅಲ್ಲೇ ಇರ್ತಾನೆ. ಬಾಗಿಲಲ್ಲಿ ನಿಂತ್ರೆ ನನ್ನ ಒಳಗೆ ಬಿಡಲ್ಲ. ನೀವು ಬಂದ್ರೆ ಬಿಡ್ತಾರೆ” ಅಂದ್ಲು. ನಮ್ಮೆಜಮಾನ್ರು ಮದುವೆ ಮನೆಗೆ ಹೋಗಿದ್ರು. ಛತ್ರಿ ತಗೊಂಡು ಹೊರಟೆ.

ಮೆಟ್ಟಿಲ ಹತ್ರ ಹೋದ ಮೇಲೆ ಕಾಲು ಏಳ್ಲಿಲ್ಲ. ಅದಕ್ಕೆ ಕಾರಣ ಹೇಳ್ಬೇಕು ಅಂದ್ರೆ ಸಾರಕ್ಕಿಗೆ ಹೋಗ್ಬೇಕು.

ನಾನು ಹುಟ್ಟಿದ್ದು ಸಾರಕ್ಕಿ ಹಳ್ಳೀಲಿ. ಈಗಿನ ಮಕ್ಕಳಿಗೆ ಸಾರಕ್ಕಿ ಅಂದ್ರೆ ಸಿಗ್ನಲ್ಲು, ಮಾರ್ಕೆಟ್ಟು. ನಮಗೆ ಅದು ಕೆರೆ, ರಾಗಿ ಹೊಲ, ಈಚಲ ಮರ. ಸ್ವಾತಂತ್ರ್ಯ ಬಂದ ಮಾರನೇ ವರ್ಷ, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಹಾಕಿದ್ರು. ಅಶೋಕ ಪಿಲ್ಲರ್ ಇದೆಯಲ್ಲ, ಅಲ್ಲಿಂದ ಶುರುವಾದ ಬಡಾವಣೆ ಸಿದ್ದಾಪುರ, ಬೈರಸಂದ್ರ, ಯಡಿಯೂರು ಅಂತ ಒಂದೊಂದೇ ಹಳ್ಳಿ ಸುತ್ಕೊಂಡು ದಕ್ಷಿಣಕ್ಕೆ ಬಂತು. ಬಿ.ಟಿ.ಎಂ. ಲೇಔಟಿನ ಹೆಸರಲ್ಲೇ ಮೂರು ಹಳ್ಳಿ ಅಡಗಿದೆ, ಬೈರಸಂದ್ರ, ತಾವರೆಕೆರೆ, ಮಡಿವಾಳ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಗೂ ಬಂತು, ಜೆ.ಪಿ. ನಗರ ಆಯ್ತು. ನಮ್ಮ ತಾತನ ಹೊಲದ ಮೇಲೆ ಸೈಟುಗಳಾದ್ವು. ಪರಿಹಾರದ ದುಡ್ಡು ಬಂತು, ಅಣ್ಣತಮ್ಮಂದಿರಿಗೆ ಹಂಚಿ ಹೋಯ್ತು. ಉಳುಮೆ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ನಮ್ಮಪ್ಪ ಗಾರೆ ಕೆಲಸಕ್ಕೆ ಹೋದ. ತನ್ನದೇ ಹೊಲದ ಮೇಲೆ ಬೇರೆಯವರ ಮನೆಗೆ ಗಾರೆ ಕಲಸ್ತಿದ್ದ.

ಹೊಲ ಇದ್ದ ಕಾಲದ ಕುಡಿತದ ಕತೆ ಬೇರೆ. ನಮ್ಮಜ್ಜಿ ಹೇಳೋರು, ಆಗ ಊರಲ್ಲಿ ಇದ್ದಿದ್ದು ಹೆಂಡದ ಅಂಗಡಿ. ಸರ್ಕಾರಿ ಕಾಗದದಲ್ಲಿ ಸೇಂದಿ ಅಂತ ಬರೀತಾರೆ, ಮಂಗಳೂರು ಕಡೆ ಕಳ್ಳು ಅಂತಾರೆ. ಈಚಲ ಮರದ ತಲೆ ಹತ್ರ ಕೆತ್ತಿ, ಮಡಕೆ ಕಟ್ಟಿ, ರಾತ್ರಿಯೆಲ್ಲ ತೊಟ್ಟಿಕ್ಕಿದ್ದನ್ನ ಬೆಳಿಗ್ಗೆ ಇಳಿಸ್ತಾರೆ. ಹುಳಿ ಏರದೆ ಇದ್ರೆ ಅದು ನೀರಾ, ಸಿಹಿಯಾಗಿರುತ್ತೆ. ಬಿಸಿಲೇರಿದ ಹಾಗೆ ದೋಸೆ ಹಿಟ್ಟಿನ ಥರ ತಾನಾಗೇ ಹುಳಿ ಬಂದು ಹೆಂಡ ಆಗುತ್ತೆ, ಮಾರನೇ ದಿನಕ್ಕೆ ಬಾಯಿಗಿಡೋಕೆ ಆಗಲ್ಲ. ಹಾಗಾಗಿ ಅವತ್ತಿಂದು ಅವತ್ತೇ ಮುಗೀಬೇಕು, ಮರ ಎಷ್ಟು ಕೊಡುತ್ತೋ ಅಷ್ಟೇ. ಊರಮ್ಮನ ಹಬ್ಬಕ್ಕೆ ಎಡೆಗೂ ಇಡೋರು. “ಕುಡಿದೋರು ಹಾಡ್ಕೊಂಡು ಬರೋರು, ಬೇಲಿ ಮೇಲೆ ಬೀಳೋರು, ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗೋರು” ಅಂತ ಅಜ್ಜಿ ನಗೋರು. ಜಿ.ಪಿ. ರಾಜರತ್ನಂ ಅವರ ರತ್ನ ಇದಾನಲ್ಲ, ನಾವೆಲ್ಲ ಮೈಸೂರು ಅನಂತಸ್ವಾಮಿ ಅವರ ಧ್ವನೀಲಿ ಕೇಳಿರೋದು, ಆ ರತ್ನ ಕುಡೀತಿದ್ದಿದ್ದು ಈ ಹೆಂಡನೇ. ಪದ ಕೇಳಿ ನಾವು ತಲೆದೂಗ್ತೀವಿ, ಖುಷಿ ಆಗುತ್ತೆ. ಆದ್ರೆ ರತ್ನನ ಹೆಂಡ್ತಿ ಪುಟ್ನಂಜಿ ಸಂಜೆ ಹೊತ್ತು ಏನು ಮಾಡ್ತಿದ್ಲು ಅಂತ ನಾನು ಆಗಾಗ ಯೋಚನೆ ಮಾಡ್ತೀನಿ.

ಹೆಂಡದ ಪಕ್ಕಕ್ಕೆ ಬಂದಿದ್ದು ಸಾರಾಯಿ. ಇದಕ್ಕೆ ಮರ ಬೇಡ, ಹೊತ್ತು ಬೇಡ. ಸಕ್ಕರೆ ಕಾರ್ಖಾನೇಲಿ ಕಬ್ಬಿನ ಹಾಲು ಕಾಯಿಸಿ ಸಕ್ಕರೆ ತೆಗೆದ ಮೇಲೆ ಕಪ್ಪಗೆ ಉಳಿಯುತ್ತಲ್ಲ ಕಾಕಂಬಿ, ಅದನ್ನ ಕೊಳೆಸಿ, ಬಟ್ಟಿ ಇಳಿಸಿ ತೆಗೆದ ಸ್ಪಿರಿಟ್ಟಿಗೆ ನೀರು ಬೆರೆಸಿದ್ರೆ ಸಾರಾಯಿ. ಇಂಗ್ಲಿಷಿನವರು ಅರಕ್ ಅಂತಾರೆ, ಅರಬ್ಬಿ ಮಾತಲ್ಲಿ ಅರಕ್ ಅಂದ್ರೆ ಬೆವರು ಅಂತೆ. ಬಟ್ಟಿ ಪಾತ್ರೆ ಮೇಲೆ ಹನಿಹನಿಯಾಗಿ ಬೆವರಿನ ಹಾಗೆ ಇಳಿಯೋದಕ್ಕೆ ಆ ಹೆಸರು. ಆದ್ರೆ ನನಗೆ ಅಪ್ಪನ ಬೆನ್ನ ಮೇಲಿನ ಬೆವರೇ ನೆನಪಾಗೋದು. ಹಗಲೆಲ್ಲ ಸುರಿಸಿದ್ದನ್ನ ಸಾಯಂಕಾಲ ಕೊಟ್ಟು ಅದೇ ಹೆಸರಿಂದು ಕುಡೀತಿದ್ದ.

ಈ ಸಾರಾಯಿ ಎಲ್ಲಿಂದ ಎಲ್ಲಿಗೆ ಹೋಗ್ತಿತ್ತು ಅಂದ್ರೆ, ಒಂದೊಂದು ಕಡೆಯ ಅಂಗಡಿಗಳ ಹಕ್ಕನ್ನ ಸರ್ಕಾರ ಹರಾಜು ಹಾಕ್ತಿತ್ತು. ಯಾರು ಜಾಸ್ತಿ ಕೂಗ್ತಾರೋ ಅವರಿಗೆ. ಲಕ್ಷಗಟ್ಟಲೆ, ಆಮೇಲೆ ಕೋಟಿಗಟ್ಟಲೆ ಕೂಗಿದವನು ಆ ದುಡ್ಡನ್ನ ಎಲ್ಲಿಂದ ವಾಪಸ್ ತೆಗೀಬೇಕು? ನಮ್ಮಪ್ಪನಂಥೋರ ಜೇಬಿಂದಲೇ. ಆ ಕಂಟ್ರಾಕ್ಟರುಗಳಿಗೆ ಪೇಪರಿನವರು ಸಾರಾಯಿ ದೊರೆಗಳು ಅಂತ ಹೆಸರಿಟ್ಟಿದ್ರು. ಚುನಾವಣೆ ಬಂದ್ರೆ ಅವರ ಮಾತು ಬಹಳ ನಡೀತಿತ್ತು.

ಕಾನೂನಿನ ಕತೆ ಇನ್ನೂ ತಮಾಷೆ. 1950ರ ಸಂವಿಧಾನದ 47ನೇ ವಿಧಿ, ಸರ್ಕಾರ ಪಾನನಿಷೇಧಕ್ಕೆ ಪ್ರಯತ್ನ ಪಡಬೇಕು ಅಂತ ಹೇಳುತ್ತೆ. ಅದರಂತೆ ನಮ್ಮ ಮೈಸೂರು ರಾಜ್ಯದ ಹಲವು ಕಡೆ ಕುಡಿತ ನಿಲ್ಲಿಸಿದ್ರು, 1961ರಲ್ಲಿ ಪಾನನಿಷೇಧ ಕಾಯ್ದೆ ಅಂತಲೇ ಮಾಡಿದ್ರು. ನಾಲ್ಕೇ ವರ್ಷಕ್ಕೆ, 1965ರಲ್ಲಿ, ಮಾರಾಟಕ್ಕೆ ಲೈಸೆನ್ಸ್ ಕೊಡೋ ಅಬಕಾರಿ ಕಾಯ್ದೆ ಮಾಡಿದ್ರು. 1967ರಲ್ಲಿ ನಿಷೇಧ ತೆಗೆದೇಬಿಟ್ರು. ಒಂದೇ ಕೈಯಲ್ಲಿ ಬಾಗಿಲು ಹಾಕಿ ಅದೇ ಕೈಯಲ್ಲಿ ತೆಗೆದ ಹಾಗೆ. ನಾನು ಹುಟ್ಟಿದ್ದು ಅದರ ಮಾರನೇ ವರ್ಷ.

ನಾನು ಕಣ್ಣು ಬಿಟ್ಟಾಗಿಂದ ನಮ್ಮ ಕೇರಿ ಕೊನೇಲಿ ಸಾರಾಯಿ ಅಂಗಡಿ ಇತ್ತು. ತಗಡಿನ ಶೆಡ್ಡು, ನಲವತ್ತು ಕ್ಯಾಂಡಲ್ ಬಲ್ಬು, ಒಂದು ಮರದ ಬೆಂಚು. ಹೆಂಡ ಕುಡಿಯೋರು ಕೂತ್ಕೊಂಡು ಕುಡಿಯೋರಂತೆ. ಸಾರಾಯಿ ಕುಡಿಯೋರು ನಿಂತೇ ಕುಡಿಯೋರು, ಔಷಧಿ ಕುಡಿಯೋ ಹಾಗೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ. ನಾಲಿಗೆಗೆ ಒಂದು ಚಿಟಿಕೆ ಉಪ್ಪು, ಇಲ್ಲಾ ಉಪ್ಪಿನಕಾಯಿ. ಅಂಗಡಿ ಹೊರಗೆ ಒಬ್ಬ ಅಜ್ಜಿ ಸೀಮೆಎಣ್ಣೆ ಬುಡ್ಡಿ ಇಟ್ಕೊಂಡು ಬೋಟಿ ಗೊಜ್ಜು, ಬೇಯಿಸಿದ ಮೊಟ್ಟೆ, ಕಡ್ಲೆಕಾಳು ಉಸ್ಲಿ ಮಾರ್ತಿದ್ಲು. ಸಾರಾಯಿಯಿಂದ ಗಂಡನ್ನ ಕಳ್ಕೊಂಡು ಸಾರಾಯಿ ಅಂಗಡಿ ಮುಂದೆನೇ ಮಕ್ಕಳನ್ನ ಸಾಕಿದೋಳು ಅವಳು.

ನನಗೆ ಹನ್ನೊಂದೋ ಹನ್ನೆರಡೋ ವರ್ಷ ಆದಾಗಿಂದ ಶನಿವಾರ ಬಟವಾಡೆ ದಿನ ಅವ್ವ ನನ್ನ ಕಳಿಸ್ತಿದ್ಲು. “ಹೋಗವ್ವ, ನಿಮ್ಮಪ್ಪನ್ನ ಕರ್ಕೊಂಡು ಬಾ. ನೀನು ಕರೆದ್ರೆ ಬತ್ತಾನೆ.” ತಮ್ಮನ್ನ ಕಳಿಸ್ತಿರ್ಲಿಲ್ಲ, ಹುಡುಗ ಅದನ್ನ ನೋಡಬಾರದು, ಕಲೀತಾನೆ ಅಂತ. ಹುಡುಗಿ ನೋಡಬಹುದು. ನಾನು ಹೋಗಿ ಉಸ್ಲಿ ಅಜ್ಜಿ ಪಕ್ಕ ನಿಂತ್ಕೋತಿದ್ದೆ. ಒಳಗೆ ಹೋಗ್ತಿರ್ಲಿಲ್ಲ. “ಅಪ್ಪಾ” ಅಂತ ಕೂಗಿದ್ರೆ ಹತ್ತು ಜನ ಅಪ್ಪಂದಿರು ತಿರುಗಿ ನೋಡೋರು. ನಮ್ಮಪ್ಪ ಮಾತ್ರ ತಿರುಗ್ತಿರ್ಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಅಲ್ಲಿ ನಾನೊಬ್ಳೇ ಅಲ್ಲ, ಇನ್ನೂ ಮೂರ್ನಾಲ್ಕು ಮಕ್ಕಳು, ಒಂದಿಬ್ಬರು ಹೆಂಗಸರು. ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ನಲ್ಲಿ ನೀರಿಗೆ ಕ್ಯೂ ನಿಂತಾಗ ಜಗಳ ಆಡೋರು, ಅಲ್ಲಿ ಮಾತೇ ಆಡ್ತಿರ್ಲಿಲ್ಲ.

1981ರ ಜುಲೈ. ನನಗೆ ಹದಿಮೂರು. ಬೆಂಗಳೂರಲ್ಲಿ ವಿಷ ಬೆರೆತ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ತಿಂಗಳು ಅದು. ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಸೇರಿತ್ತು. ಅದು ಬಣ್ಣ, ವಾರ್ನಿಷ್ ಕೆಲಸಕ್ಕೆ ಬಳಸೋ ವಸ್ತು, ಹೊಟ್ಟೆಗೆ ಹೋದ್ರೆ ಮೊದಲು ಕಣ್ಣು ಹೋಗುತ್ತೆ, ಆಮೇಲೆ ಪ್ರಾಣ. ರೇಡಿಯೋದಲ್ಲಿ ವಾರ್ತೆ ಕೇಳಿದ ತಕ್ಷಣ ಅವ್ವ ಒಲೆ ಮೇಲಿನ ಹಿಟ್ಟು ಹಾಗೇ ಬಿಟ್ಟು, ಬರಿಗಾಲಲ್ಲಿ ಓಡಿದ್ಲು. ನನ್ನ ಕಳಿಸ್ಲಿಲ್ಲ. ಅಪ್ಪ ಅವತ್ತು ಅಂಗಡೀಲಿ ಇರ್ಲಿಲ್ಲ. ಕಡಿಮೆ ದುಡ್ಡಿಗೆ ಕದ್ದು ಮಾರೋ ಕಡೆ ಹೋಗಿದ್ದ. ಅಲ್ಲಿ ಹಳೇ ಬಾಕಿ ಕೊಡದೆ ಇದ್ರೆ ಹಾಕಲ್ಲ ಅಂದಿದ್ರಂತೆ, ಬೇಜಾರು ಮಾಡ್ಕೊಂಡು ಕೆರೆ ಏರಿ ಮೇಲೆ ಮಲಗಿದ್ದ. ನಮ್ಮಪ್ಪ ಉಳ್ಕೊಂಡಿದ್ದು ಸಾಲ ಹುಟ್ಟದೆ ಇದ್ದಿದ್ರಿಂದ. ಅವ್ವ ಅವನನ್ನ ಎಬ್ಬಿಸಿ, ಮುಖ ಹಿಡ್ಕೊಂಡು, “ನನ್ನ ಸೀರೆ ಬಣ್ಣ ಯಾವ್ದು ಹೇಳು” ಅಂತ ಕೇಳಿದ್ಲಂತೆ. ಕಣ್ಣು ಇದೆಯೋ ಇಲ್ವೋ ನೋಡೋಕೆ. ಹಸಿರು ಅಂದನಂತೆ. ಹಸಿರೇ ಆಗಿತ್ತು.

ಒಂದು ತಿಂಗಳು ಅಪ್ಪ ಮುಟ್ಟಲಿಲ್ಲ. ಆಮೇಲೆ ಮತ್ತೆ ಶನಿವಾರ ಬಂತು.

ಅವ್ವ ಬನಶಂಕರಮ್ಮನಿಗೆ ಹರಕೆ ಕಟ್ಟಿದ್ಲು. ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ಸಿಪ್ಪೆ ಬೋರಲು ಮಾಡಿ ಎಣ್ಣೆ ಹಾಕಿ ದೀಪ ಹಚ್ಚೋದು ಅಲ್ಲಿ ವಾಡಿಕೆ, ನಿಮಗೆಲ್ಲ ಗೊತ್ತು. ನಾವೂ ಹಚ್ಚಿದೀವಿ, ಮಕ್ಕಳ ಮದುವೆಗೆ, ಕೆಲಸಕ್ಕೆ. ಅವ್ವ ಹಚ್ಚಿದ್ದು ಹನ್ನೆರಡು ವರ್ಷ. ಯಾಕೆ ಅಂತ ಯಾರಿಗೂ ಹೇಳ್ತಿರ್ಲಿಲ್ಲ.

ಆ ಹೊತ್ತಿಗೆ ಜಯನಗರ, ಜೆ.ಪಿ. ನಗರದ ಮುಖ್ಯ ರಸ್ತೆಗಳಲ್ಲಿ ಬಾರ್ ಅಂಡ್ ರೆಸ್ಟೋರೆಂಟುಗಳು ಬಂದಿದ್ವು. ನಮ್ಮ ಬೆಂಗಳೂರು ಮೊದಲಿಂದ ಎರಡು ಊರು. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದ ಮೇಲೆ ಬೀರು, ಬ್ರಾಂದಿ ಎಲ್ಲ ಆ ಕಡೆ. ಹೆಂಡ, ಸಾರಾಯಿ ಈ ಕಡೆ. ದಂಡಿನ ಕಡೆ 1933ರಲ್ಲಿ ಶುರುವಾದ ಡೀವರ್ಸ್ ಅನ್ನೋ ಬಾರು, ಬೆತ್ತದ ಕುರ್ಚಿ ಹಾಕ್ಕೊಂಡು ಎಪ್ಪತ್ತು ವರ್ಷಕ್ಕೂ ಮೇಲೆ ನಡೀತು. ನಮ್ಮ ಕಡೆ ಕನಕಪುರ ರಸ್ತೇಲಿ ಖೋಡೆಯವರ ಕಾರ್ಖಾನೆ. ಅವರ ಪೀಟರ್ ಸ್ಕಾಟ್ ವಿಸ್ಕಿ 1968ರಲ್ಲಿ ಬಂತು, ನನ್ನ ವಾರಿಗೆಯದು. ಎಂಬತ್ತರ ದಶಕದ ಕೊನೆಗೆ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಕಡೆ ಪಬ್ಬುಗಳು ಶುರುವಾಗಿ ಬೆಂಗಳೂರಿಗೆ ಪಬ್ ಸಿಟಿ ಅಂತಲೇ ಹೆಸರು ಬಂತು. ಅಲ್ಲಿ ಕುಡಿದ್ರೆ ಫ್ಯಾಷನ್ನು. ನಮ್ಮ ಕೇರೀಲಿ ಕುಡಿದ್ರೆ ಕುಡುಕ.

ನಮ್ಮ ಏರಿಯಾ ಬಾರು ಈ ಎರಡರ ನಡುವಿಂದು. ಅದರ ಲೈಸೆನ್ಸಲ್ಲೂ ಒಳಭೇದ ಇದೆ. ಸಿ.ಎಲ್. 2 ಅಂತ ಬೋರ್ಡಿದ್ರೆ ಅದು ವೈನ್ ಸ್ಟೋರು, ಬಾಟಲಿ ತಗೊಂಡು ಮನೆಗೆ ಹೋಗ್ಬೇಕು, ಅಲ್ಲೇ ಕುಡಿಯೋ ಹಾಗಿಲ್ಲ. ಸಿ.ಎಲ್. 9 ಇದ್ರೆ ಬಾರು, ಕೂತು ಕುಡೀಬಹುದು, ಊಟ ಕೊಡ್ಬೇಕು. ಸ್ಕೂಲು, ಗುಡಿ, ಆಸ್ಪತ್ರೆಯಿಂದ ನೂರು ಮೀಟರ್ ದೂರ ಇರ್ಬೇಕು ಅಂತ ನಿಯಮ. ಬೋರ್ಡಿನ ಮೂಲೇಲಿ ಆ ಅಕ್ಷರ ಸಣ್ಣಕ್ಕೆ ಬರೆದಿರುತ್ತೆ, ಈ ಸಲ ಆ ಕಡೆ ಹೋದ್ರೆ ಕತ್ತು ತಿರುಗಿಸದೆ ಓದಿ ನೋಡಿ.

ನಮ್ಮಪ್ಪ ಹೋಗಿದ್ದು 1993ರಲ್ಲಿ. ಅದರ ವಿಷ್ಯ ಕೊನೇಲಿ ಹೇಳ್ತೀನಿ.

2004ರ ಹೊತ್ತಿಗೆ ಮಂಗಳೂರು, ಉಡುಪಿ ಕಡೆ ಬಿಟ್ಟು ಮಿಕ್ಕ ಕಡೆ ಹೆಂಡ ನಿಂತುಹೋಯ್ತು. 2007ರ ಜುಲೈ 1, ಭಾನುವಾರ, ರಾಜ್ಯದಲ್ಲೆಲ್ಲ ಸಾರಾಯಿ ನಿಷೇಧ ಆಯ್ತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದ ಕಾಲ. ಆಗ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಲ್ಲಿ ಬರ್ತಿತ್ತು, ಹಲ್ಲಲ್ಲಿ ಮೂಲೆ ಕಚ್ಚಿ ಕುಡಿಯೋರು, ಚರಂಡಿ ತುಂಬ ಅದೇ ಪ್ಯಾಕೆಟ್ಟು. ಹಳ್ಳಿ ಹಳ್ಳಿಯಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿ ಅಂತ ಕೂತಿದ್ರು. ಪಕ್ಕದ ಆಂಧ್ರದಲ್ಲಿ ನೆಲ್ಲೂರು ಜಿಲ್ಲೆ ದೂಬಗುಂಟದಿಂದ ಹೆಂಗಸರು ಎದ್ದು 1993ರಲ್ಲೇ ನಿಲ್ಲಿಸಿದ್ರು, ನಮಗೆ ಹದಿನಾಲ್ಕು ವರ್ಷ ತಡ. ಅವ್ವ ಅವತ್ತು ಬನಶಂಕರಮ್ಮನಿಗೆ ಹೋಗಿ ತೆಂಗಿನಕಾಯಿ ಒಡೆಸಿಕೊಂಡು ಬಂದ್ಲು. “ನಮಗೆ ಅಲ್ಲ, ಇನ್ನು ಬರೋ ಹುಡುಗೀರಿಗೆ” ಅಂದ್ಲು.

ಅವ್ವನ ಲೆಕ್ಕ ಪೂರ್ತಿ ಸರಿ ಹೋಗ್ಲಿಲ್ಲ. ಸಾರಾಯಿ ಹೋಯ್ತು, ಕುಡಿಯೋನು ಹೋಗ್ಲಿಲ್ಲ. ಪ್ಯಾಕೆಟ್ ಕುಡೀತಿದ್ದೋರು ಕಡಿಮೆ ಬೆಲೆ ವಿಸ್ಕಿ, ರಮ್ಮಿಗೆ ಬಂದ್ರು, ಅದೂ ಮಕ್ಕಳು ಹಣ್ಣಿನ ರಸ ಕುಡಿಯೋ ಥರದ ಕಾಗದದ ಡಬ್ಬೀಲಿ ಬಂತು. ತೊಂಬತ್ತು ಎಂ.ಎಲ್.ಗೆ ನೈಂಟಿ ಅಂತ ಹೆಸರು, ನೂರ ಎಂಬತ್ತಕ್ಕೆ ಕ್ವಾರ್ಟರ್. ಅದಕ್ಕೂ ಗತಿ ಇಲ್ಲದೋರು ಕಳ್ಳಭಟ್ಟಿಗೆ ಹೋದ್ರು. ನಿಷೇಧ ಆಗಿ ವರ್ಷ ತುಂಬೋ ಮೊದಲು, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಆನೇಕಲ್, ಹೊಸೂರು ಕಡೆ ಮತ್ತೆ ವಿಷ ಕುಡಿದು ನೂರಕ್ಕೂ ಹೆಚ್ಚು ಜನ ಸತ್ರು. ಟಿ.ವಿ.ಯಲ್ಲಿ ನೋಡ್ತಾ ಅವ್ವ, “ಸೀರೆ ಬಣ್ಣ ಕೇಳೋಕೆ ಯಾರಾದ್ರೂ ಹೋದ್ರೋ ಇಲ್ವೋ” ಅಂದಿದ್ದು ನನಗೆ ಇನ್ನೂ ಕಿವೀಲಿ ಇದೆ.

ಮತ್ತೆ ಹೆಂಗಸರೇ ಎದ್ರು. 2019ರ ಜನವರೀಲಿ ಸಾವಿರಾರು ಜನ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೇಲಿ ಬಂದ್ರು, ಇನ್ನೂರು ಕಿಲೋಮೀಟರ್ ಹತ್ರ, ಮದ್ಯ ನಿಲ್ಲಿಸಿ ಅಂತ ಕೇಳೋಕೆ. ದಾರೀಲಿ ಒಬ್ಬ ಹೆಣ್ಣುಮಗಳು ಅಪಘಾತದಲ್ಲಿ ಸತ್ಲು. ನಿಲ್ಲಲಿಲ್ಲ. ಅಬಕಾರಿಯಿಂದ ಸರ್ಕಾರಕ್ಕೆ ಈಗ ವರ್ಷಕ್ಕೆ ಮೂವತ್ತು ಸಾವಿರ ಕೋಟಿ ಮೀರಿ ಬರುತ್ತೆ, ಯಾವ ಪಕ್ಷದ ಸರ್ಕಾರ ಬಂದ್ರೂ ಅದನ್ನ ಬಿಡಲ್ಲ. ಕೊರೋನಾದಲ್ಲಿ ನಲವತ್ತು ದಿನ ಮುಚ್ಚಿ 2020ರ ಮೇ 4ಕ್ಕೆ ಅಂಗಡಿ ತೆಗೆದಾಗ, ಒಂದೇ ದಿನ ರಾಜ್ಯದಲ್ಲಿ 45 ಕೋಟಿ ವ್ಯಾಪಾರ ಅಂತ ಪೇಪರಲ್ಲಿ ಬಂತು. ನಮ್ಮ ರೋಡಲ್ಲಿ ಬೆಳಿಗ್ಗೆ ಏಳಕ್ಕೇ ಕ್ಯೂ. ಕೆಲವರು ಚಪ್ಪಲಿ ಇಟ್ಟು ಜಾಗ ಹಿಡಿದಿದ್ರು, ಹಿಂದೆ ನಾವು ಬಿಂದಿಗೆ ಇಡ್ತಿದ್ದ ಹಾಗೆ.

ಹೆಂಡ, ಸಾರಾಯಿ, ಪ್ಯಾಕೆಟ್ಟು, ನೈಂಟಿ. ಶೆಡ್ಡು ಹೋಗಿ ಗಾಜಿನ ಬಾಗಿಲು ಬಂತು. ಇಷ್ಟೆಲ್ಲ ಬದಲಾಗಿ, ಆವತ್ತು ಶನಿವಾರ ಮಳೇಲಿ ನೋಡ್ತೀನಿ, ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ನಿಂತಿದಾಳೆ. ಅದಕ್ಕೇ ನನ್ನ ಕಾಲು ಏಳದೆ ಇದ್ದಿದ್ದು. ನಾನು ಮತ್ತೆ ಹದಿಮೂರು ವರ್ಷದೋಳಾಗಿ ಉಸ್ಲಿ ಅಜ್ಜಿ ಪಕ್ಕ ನಿಂತಿದ್ದೆ. ಹುಡುಗಿ “ಅಮ್ಮ?” ಅಂದ್ಲು. ಅವಳ ಕೈ ಹಿಡ್ಕೊಂಡು ಹತ್ತಿದೆ.

ಬಾಗಿಲು ತಳ್ಳಿದ ತಕ್ಷಣ ಮುಖಕ್ಕೆ ಬಡಿದಿದ್ದು ಮೂರು ವಾಸನೆ. ಫಿನಾಯಿಲು, ಕರಿದ ಎಣ್ಣೆ, ಮತ್ತೆ ಅಪ್ಪನ ಅಂಗಿ. ಮೂರನೇದನ್ನ ಮೂವತ್ತು ವರ್ಷದ ಮೇಲೆ ಮೂಸಿದ್ದು. ಒಳಗೆ ನಾನು ಅಂದ್ಕೊಂಡಷ್ಟು ಕತ್ತಲಿಲ್ಲ. ಟ್ಯೂಬ್‌ಲೈಟು, ಸನ್‌ಮೈಕಾ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ. ಗಲ್ಲಾದ ಮೇಲೆ ಲಕ್ಷ್ಮಿ, ಗಣಪತಿ, ಮಂಜುನಾಥಸ್ವಾಮಿ ಫೋಟೋ, ಮಲ್ಲಿಗೆ ಹಾರ, ಸೀರಿಯಲ್ ಲೈಟು. ಊದುಕಡ್ಡಿ ನಮ್ಮನೇದೇ ಬ್ರ್ಯಾಂಡು. ಟಿ.ವಿ.ಯಲ್ಲಿ ಕ್ರಿಕೆಟ್ಟು, ಸೌಂಡಿಲ್ಲ.

ಕಿರುಚಾಟ, ಹೊಡೆದಾಟ ಇರುತ್ತೆ ಅಂದ್ಕೊಂಡಿದ್ದೆ. ಸಿನಿಮಾದಲ್ಲಿ ಹಾಗೇ ತೋರಿಸೋದು. ಇಲ್ಲಿ ಆಸ್ಪತ್ರೆ ಹೊರಗಡೆ ಬೆಂಚಲ್ಲಿ ಕೂತ ಹಾಗೆ ಕೂತಿದ್ರು. ಒಬ್ಬೊಬ್ಬರ ಮುಂದೆ ಒಂದೊಂದು ಲೋಟ, ಒಂದು ಸಣ್ಣ ತಟ್ಟೇಲಿ ಕಡ್ಲೆಕಾಳು, ನಾಲ್ಕು ಹೋಳು ಸೌತೆಕಾಯಿ. ಇಸ್ತ್ರಿ ಮಾಡೋ ಅಣ್ಣ ಇದ್ದ. ನಮ್ಮ ಹಿಂದಿನ ರೋಡಿನ, ಬ್ಯಾಂಕಲ್ಲಿ ರಿಟೈರಾದವರು ಇದ್ರು, ಹೆಂಡ್ತಿ ಹೋಗಿ ವರ್ಷ ಆಗಿರ್ಬೇಕು. ನನ್ನ ನೋಡಿ ಎದ್ದು ನಿಂತುಬಿಟ್ರು, ನಮಸ್ಕಾರ ಅಂದ್ರು, ಆಮೇಲೆ ಎಲ್ಲಿದೀವಿ ಅಂತ ನೆನಪಾಗಿ ಕೂತ್ಕೊಂಡ್ರು. ನನಗೂ ಅಷ್ಟೇ ನಾಚಿಕೆ ಆಯ್ತು. ಇಬ್ಬರೂ ಟಿ.ವಿ. ನೋಡಿದ್ವಿ.

ಕುಂದಾಪುರದ ಕಡೆ ಮಾತಿನ ವೇಟರ್ ಓಡಿ ಬಂದ. ವಯಸ್ಸಾದವರು. “ಅಮ್ಮ, ಫ್ಯಾಮಿಲಿ ರೂಮು ಮೇಲ್ಗಡೆ” ಅಂತ ಮೆಟ್ಟಿಲು ತೋರಿಸಿದ್ರು. ನಾನು, “ಫ್ಯಾಮಿಲಿ ಕೆಳಗೇ ಕೂತಿದೆ ಅಪ್ಪ, ನಾವು ಕರ್ಕೊಂಡು ಹೋಗೋಕೆ ಬಂದಿದೀವಿ” ಅಂದೆ. ಅವರಿಗೆ ತಕ್ಷಣ ಅರ್ಥ ಆಯ್ತು. ನಮ್ಮಂಥೋರು ವಾರಕ್ಕೆ ಎಷ್ಟು ಜನ ಬರ್ತಾರೋ. ಕುರ್ಚಿ ಒರೆಸಿ ಕೊಟ್ಟು, ಸ್ಟೀಲ್ ಲೋಟದಲ್ಲಿ ನೀರು ತಂದಿಟ್ರು, ಮೂಲೆ ಕಡೆ ಹೋದ್ರು.

ಅವನು ಬಂದ. ಪೇಂಟ್ ಕೆಲಸದ ಹುಡುಗ, ಕೂದಲಲ್ಲಿ ಇನ್ನೂ ಬಿಳಿ ಸುಣ್ಣ. ಹೆಂಡ್ತಿ ಒಂದು ಮಾತೂ ಆಡದೆ ಕೈ ಚಾಚಿದ್ಲು. ಜೇಬಿಂದ ತೆಗೆದು ಕೊಟ್ಟ. ಆರು ಸಾವಿರದ ಇನ್ನೂರು ಇತ್ತು. ಮಿಕ್ಕಿದ್ದು ಹಳೇ ಬಾಕಿಗೆ ಹೋಗಿತ್ತು. ಅವತ್ತು ಅವನು ಕುಡಿದಿದ್ದು ಒಂದು ಕ್ವಾರ್ಟರ್ ಅಷ್ಟೇ. ಗಲ್ಲಾದವನು ಬಾಕಿ ಪುಸ್ತಕ ತೆಗೆದು ತೋರಿಸಿದ. ಹೆಸರು, ತಾರೀಖು, ದುಡ್ಡು, ನಮ್ಮ ಹಾಲಿನ ಪುಸ್ತಕದ ಥರನೇ ಗೀಟು ಎಳೆದು ಬರೆದಿದ್ರು. ಅಪ್ಪನ ಹೆಸರೂ ಇಂಥ ಯಾವ ಯಾವ ಪುಸ್ತಕದಲ್ಲಿ ಇತ್ತೋ ಅಂತ ಅನ್ನಿಸ್ತು.

ನಾನು ಬೈಬೇಕು ಅಂತ ಹೋಗಿದ್ದೆ. ಬಾಯಿಗೆ ಬಂದಿದ್ದು, “ಊಟ ಆಯ್ತೇನಪ್ಪ?” ಅಂತ. ಇಲ್ಲ ಅಂದ. ಮೂರು ಜನ ಒಂದೇ ಛತ್ರೀಲಿ ಮನೆಗೆ ಬಂದ್ವಿ. ಮುದ್ದೆ ಇತ್ತು, ಉಪ್ಸಾರು ಇತ್ತು. ತಲೆ ಎತ್ತದೆ ತಿಂದ.

ಕಡಿಮೆ ಬಿದ್ದ ದುಡ್ಡಿನ ವಿಷ್ಯ ನಾವು ಹೆಂಗಸರೇ ನೋಡ್ಕೊಂಡ್ವಿ, ಬಿಡಿ. ಮುಂದಿನ ವಾರ ಗಂಡಹೆಂಡ್ತಿ ಇಬ್ಬರನ್ನೂ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಕಳಿಸಿದೆ. ಅಲ್ಲಿ ಕುಡಿತ ಬಿಡಿಸೋದಕ್ಕೇ ಬೇರೆ ವಿಭಾಗ ಇದೆ. ಅಲ್ಲಿನವರು ಹೇಳಿದ ಒಂದು ವಿಷ್ಯ ನಿಮಗೂ ಗೊತ್ತಿರ್ಲಿ: ದಿನಾ ಜಾಸ್ತಿ ಕುಡಿಯೋರು ಹಟ ಹಿಡಿದು ಒಂದೇ ದಿನಕ್ಕೆ ನಿಲ್ಲಿಸಬಾರದು. ಕೈ ನಡುಗುತ್ತೆ, ಫಿಟ್ಸ್ ಬರಬಹುದು, ಏನೇನೋ ಕಾಣುತ್ತೆ ಅಂತಾರೆ, ಪ್ರಾಣಕ್ಕೇ ಬರಬಹುದು. ಡಾಕ್ಟರ್ ಹತ್ರ ಔಷಧಿ ತಗೊಂಡು ಬಿಡಿಸ್ಬೇಕು. ಲಾಕ್‌ಡೌನಲ್ಲಿ ಅವನು ನಡುಗ್ತಾ ಬಿದ್ದಿದ್ದಾಗ ಇವಳು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ಲಂತೆ. ಅವ್ವ ನಿಂಬೆ ದೀಪ ಹಚ್ಚಿದ ಹಾಗೆ. ದೀಪ ಹಚ್ಚೋದು ತಪ್ಪಲ್ಲ, ಹಚ್ಚಿ ಬಂದು ಆಸ್ಪತ್ರೆಗೂ ಹೋಗ್ಬೇಕು. ಅವನು ಎರಡು ಸಲ ಹೋದ, ಮೂರನೇ ಸಲ ತಪ್ಪಿಸಿದ, ಈಗ ಮತ್ತೆ ಹೋಗ್ತಿದಾನೆ. ಬಿಟ್ಟ ಅಂತ ಬರೆಯೋಕೆ ನನಗೆ ಧೈರ್ಯ ಇಲ್ಲ. ಚೀಟಿ ದುಡ್ಡು ಈಗ ಅವಳ ಬ್ಯಾಂಕ್ ಅಕೌಂಟಲ್ಲಿ ಇದೆ, ಅಕ್ಕಿ ಡಬ್ಬೀಲಿ ಇಲ್ಲ.

ಈಗ ಅಪ್ಪನ ವಿಷ್ಯ. 1993ರಲ್ಲಿ ಅಪ್ಪ ಹೋದಾಗ ನಾವು ಎಲ್ಲರಿಗೂ ಕಾಮಾಲೆ ಅಂತ ಹೇಳಿದ್ವಿ. ನೀವು ನಂಬಿದ್ರಿ, ಇಲ್ಲಾ ನಂಬಿದ ಹಾಗೆ ಇದ್ರಿ. ಕಣ್ಣು ಹಳದಿ ಆಗಿದ್ದು ನಿಜ. ಅದು ಕುಡಿದು ಕುಡಿದು ಲಿವರ್ ಹೋಗಿದ್ದರಿಂದ ಆದ ಹಳದಿ. ಮನೆ ಮರ್ಯಾದೆ ಅಂತ ಅವ್ವ ಹೇಳಬೇಡ ಅಂದಿದ್ಲು. ಅವ್ವನೂ ಹೋಗಿ ಆರು ವರ್ಷ ಆಯ್ತು. ಮೂವತ್ತು ವರ್ಷ ಯಾರ ಮರ್ಯಾದೆ ಕಾಪಾಡಿದ್ವೋ ಗೊತ್ತಿಲ್ಲ. ಆ ಸುಳ್ಳಿಂದ ಆಗಿದ್ದು ಇಷ್ಟೇ: ನಮ್ಮ ಮನೇಲೇ ಇನ್ನೊಬ್ಬರು ಇದೇ ಕಷ್ಟ ಪಟ್ಟಾಗ ಅವರೂ ನಮ್ಮ ಹತ್ರ ಹೇಳ್ಕೊಳ್ಲಿಲ್ಲ. ಯಾರು ಅಂತ ನಾನು ಬರೆಯಲ್ಲ, ಅವರಿಗೇ ಗೊತ್ತು. ಅಂಗಡಿ ಮುಂದೆ ಪಕ್ಕಪಕ್ಕ ನಿಂತು ಮುಖ ನೋಡದೆ ಇದ್ವಲ್ಲ, ಹಾಗೇ ಮನೆಮನೇಲೂ ಇದ್ವಿ.

ಅಪ್ಪ ಕೆಟ್ಟವನಲ್ಲ. ಕುಡಿಯದ ದಿನ ನನಗೆ ಎರಡು ಜಡೆ ಹಾಕ್ತಿದ್ದ, ಅವ್ವನಿಗಿಂತ ನೀಟಾಗಿ. ನನ್ನ ಪಿ.ಯು.ಸಿ. ಫೀಸು ಅವನೇ ಕಟ್ಟಿದ್ದು, ಹೇಗೆ ಕಟ್ಟಿದ ಅಂತ ಇವತ್ತಿಗೂ ಗೊತ್ತಿಲ್ಲ. ಅವನು ಆ ಶೆಡ್ಡಿನ ಒಳಗೆ ಹೇಗಿರ್ತಿದ್ದ ಅಂತ ನಾನು ನೋಡಿರ್ಲಿಲ್ಲ. ಮೂಲೆ ಟೇಬಲ್ಲಿಂದ ಎದ್ದು ಬಂದ ಆ ಪೇಂಟ್ ಹುಡುಗನ್ನ ನೋಡಿದ ಮೇಲೆ ಸುಮಾರಾಗಿ ಗೊತ್ತಾಯ್ತು. ನಾನು ಅಷ್ಟು ವರ್ಷ ಕೂಗಿದಾಗ ಅವನಿಗೆ ಕೇಳಿಸಿರ್ಲಿಲ್ಲ ಅಂತಲ್ಲ. ಕೇಳಿಸಿತ್ತು, ಅದಕ್ಕೇ ತಿರುಗ್ತಿರ್ಲಿಲ್ಲ.

ಇಷ್ಟು ಹೇಳ್ಬೇಕಿತ್ತು, ಹೇಳಿದೆ. ಚಿಕ್ಕಮ್ಮ, ನಿಮಗೆ ಬೇಜಾರಾಗಿದ್ರೆ ಫೋನ್ ಮಾಡಿ ಬೈರಿ, ಸುಮ್ಮನಿರಬೇಡಿ. ಮುಂದಿನ ಸಲ ಖಂಡಿತ ಒಬ್ಬಟ್ಟು.